ಅಮೃತಬಳ್ಳಿ ಮತ್ತು ಲಿವರ್: ಎರಡು ಸುದ್ದಿ, ಒಂದೇ ಬಳ್ಳಿ

ಅಮೃತಬಳ್ಳಿ ಕುಡಿದರೆ ಲಿವರ್ ಹಾಳಾಗುತ್ತದೆ ಎಂಬ ಸುದ್ದಿ ಆಗಾಗ ಮೊಬೈಲ್‌ಗೆ ಬರುತ್ತಲೇ ಇರುತ್ತದೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ಅಮೃತಬಳ್ಳಿ ಲಿವರ್‌ಗೆ ರಾಮಬಾಣ, ದಿನಾ ಬೆಳಿಗ್ಗೆ ಕುಡಿಯಿರಿ. ಮೊದಲನೆಯದರ ಹಿಂದೆ ಲಿವರ್ ತಜ್ಞರ ಅಧ್ಯಯನಗಳಿವೆ. ಎರಡನೆಯದರ ಹಿಂದೆ ಹಳೆಯ ಗ್ರಂಥಗಳಿವೆ, ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯದ ಮಾತಿದೆ. ಎರಡೂ ಕಡೆಯವರು ಕಲಿತವರೇ. ಹಾಗಿದ್ದ ಮೇಲೆ ಹಿತ್ತಲಿನ ಬೇಲಿಗೆ ಹಬ್ಬಿರುವ ಬಳ್ಳಿಯನ್ನು ಏನು ಮಾಡಬೇಕು? ಕಷಾಯ ಕುಡಿಯಬೇಕಾ, ಬಿಡಬೇಕಾ?

ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಲು ಹೊರಟಿದ್ದರಿಂದಲೇ ಇಷ್ಟು ಗೊಂದಲವಾಗಿದೆ. ಬಳ್ಳಿ ಮೊದಲಿನದೇ. ಅದನ್ನು ಯಾರು, ಯಾಕೆ, ಎಷ್ಟು ದಿನ ಕುಡಿಯುತ್ತಾರೆ ಅನ್ನುವುದು ಮಾತ್ರ 2020ರ ನಂತರ ಪೂರ್ತಿ ಬದಲಾಯಿತು. ಆ ಬದಲಾವಣೆಯಿಂದ ಶುರು ಮಾಡಿದರೆ ಉಳಿದದ್ದು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ.

ಹಳೆಯ ಮದ್ದು, ಹಳೆಯ ಲೆಕ್ಕ

ಸಂಸ್ಕೃತದಲ್ಲಿ ಗುಡೂಚಿ, ಹಿಂದಿಯಲ್ಲಿ ಗಿಲೋಯ್, ನಮ್ಮಲ್ಲಿ ಅಮೃತಬಳ್ಳಿ. ಸಸ್ಯಶಾಸ್ತ್ರದ ಹೆಸರು ಟಿನೋಸ್ಪೋರಾ ಕಾರ್ಡಿಫೋಲಿಯಾ. ಹೃದಯದ ಆಕಾರದ ಎಲೆ, ಕಹಿ ಕಾಂಡ. ಕತ್ತರಿಸಿ ಎಸೆದ ತುಂಡೂ ಮತ್ತೆ ಚಿಗುರುತ್ತದೆ. ಅದಕ್ಕೇ ಛಿನ್ನರುಹಾ ಎಂಬ ಇನ್ನೊಂದು ಹೆಸರು. ರಾಮ–ರಾವಣರ ಯುದ್ಧದಲ್ಲಿ ಸತ್ತ ಕಪಿಗಳನ್ನು ಬದುಕಿಸಲು ಇಂದ್ರ ಅಮೃತ ಸುರಿಸಿದಾಗ, ಅದರ ಹನಿ ಬಿದ್ದ ಕಡೆಯಲ್ಲೆಲ್ಲ ಈ ಬಳ್ಳಿ ಹುಟ್ಟಿತು ಎಂಬ ಕಥೆ ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥದಲ್ಲಿದೆ. ಚರಕ ಸಂಹಿತೆ ಇದರ ರಸವನ್ನು ಬುದ್ಧಿಗೆ ಬಲ ಕೊಡುವ ರಸಾಯನಗಳಲ್ಲಿ ಸೇರಿಸಿದೆ. ಜ್ವರ, ಕಾಮಾಲೆ, ಕೀಲು ಊದಿಕೊಳ್ಳುವ ವಾತರಕ್ತ ಇವಕ್ಕೆಲ್ಲ ವೈದ್ಯರು ಇದನ್ನು ಕೊಡುತ್ತಾ ಬಂದಿದ್ದಾರೆ.

ಇಲ್ಲಿ 'ಕೊಡುತ್ತಾ' ಎಂಬ ಮಾತು ಮುಖ್ಯ. ವೈದ್ಯರು ರೋಗಿಯ ನಾಡಿ, ಹಸಿವು, ವಯಸ್ಸು ನೋಡಿ ಮದ್ದು ಕೊಡುತ್ತಿದ್ದರು. ಜೊತೆಗೆ ಪಥ್ಯ ಹೇಳುತ್ತಿದ್ದರು. ಕಾಯಿಲೆ ಇಳಿದ ಮೇಲೆ ಮದ್ದು ನಿಲ್ಲುತ್ತಿತ್ತು. ಸರ್ಕಾರ ಪ್ರಕಟಿಸಿರುವ ಆಯುರ್ವೇದ ಔಷಧ ಕೋಶದಲ್ಲೂ ಪ್ರಮಾಣ ಬರೆದಿದೆ: ಒಣಗಿದ ಕಾಂಡದ ಪುಡಿಯಾದರೆ 3ರಿಂದ 6 ಗ್ರಾಂ, ಕಷಾಯಕ್ಕಾದರೆ 20ರಿಂದ 30 ಗ್ರಾಂ ಕಾಂಡ. ಅಂದರೆ ಹಳೆಯ ಪದ್ಧತಿಯಲ್ಲೂ ಇದು ಅಳೆದು ಕೊಡುವ ಮದ್ದು. ಅನ್ನ, ನೀರಿನ ಹಾಗೆ ಮನೆಮಂದಿಯೆಲ್ಲ ವರ್ಷಪೂರ್ತಿ ಸೇವಿಸುವ ವಸ್ತುವಾಗಿರಲಿಲ್ಲ.

ಕೋವಿಡ್ ಬಂದಾಗ ಆದದ್ದು

2020ರಲ್ಲಿ ಕೊರೊನಾ ವೈರಸ್‌ಗೆ ಮದ್ದಿರಲಿಲ್ಲ, ಲಸಿಕೆ ಇರಲಿಲ್ಲ. ಭಯ ಮಾತ್ರ ಬೇಕಾದಷ್ಟಿತ್ತು. ರೋಗ ನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ ಎಂಬ ಮಾತು ಟಿವಿಯಲ್ಲಿ, ಪೇಪರಿನಲ್ಲಿ, ಎಲ್ಲರ ಬಾಯಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಆಯುರ್ವೇದ ಮತ್ತು ಯೋಗದ ರಾಷ್ಟ್ರೀಯ ಚಿಕಿತ್ಸಾ ಸೂಚಿಯಲ್ಲೂ ಅಮೃತಬಳ್ಳಿ ಇತ್ತು. ಅಲ್ಲಿ ಹೇಳಿದ್ದ ಅವಧಿ ಗಮನಿಸಿ: 15 ದಿನ ಅಥವಾ ಒಂದು ತಿಂಗಳು.

ಪ್ರಮಾಣ ಮತ್ತು ಅವಧಿ ಜನರ ತನಕ ತಲುಪಲೇ ಇಲ್ಲ. ತಲುಪಿದ್ದು ಹೆಸರು ಮಾತ್ರ. ಜನ ಬಳ್ಳಿಯನ್ನು ಕುದಿಸಿ ಕುಡಿದರು, ಜ್ಯೂಸ್ ಬಾಟಲಿ ತಂದರು, ಮಾತ್ರೆ ನುಂಗಿದರು. ಕೆಲವರು ಮೂರನ್ನೂ ಒಟ್ಟಿಗೆ ಮಾಡಿದರು. ಯಾವ ಕಾಯಿಲೆಯೂ ಇಲ್ಲದವರು, ಥೈರಾಯ್ಡ್ ಇದ್ದವರು, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದವರು, ಲಿವರ್‌ನಲ್ಲಿ ಮೊದಲೇ ತೊಂದರೆ ಇದ್ದೂ ಗೊತ್ತಿಲ್ಲದವರು ಎಲ್ಲರೂ ಒಂದೇ ಲೋಟ ಹಿಡಿದರು. ಅವರನ್ನು ದೂರಲು ಆಗುವುದಿಲ್ಲ. ಕಂಗಾಲಾದ ಕಾಲದಲ್ಲಿ ಕೈಗೆ ಸಿಕ್ಕ ನಂಬಿಕೆ ಅದು. ಆದರೆ ಒಂದು ಮದ್ದನ್ನು ಇಷ್ಟು ಜನ, ಇಷ್ಟು ದಿನ, ಯಾರನ್ನೂ ಕೇಳದೆ ಕುಡಿದಾಗ, ಅಲ್ಲಿಯ ತನಕ ಕಣ್ಣಿಗೆ ಬೀಳದ ಅಪರೂಪದ ತೊಂದರೆಗಳು ಮೇಲೆ ಬರುತ್ತವೆ. ಯಾವ ಮದ್ದಿಗಾದರೂ ಈ ಮಾತು ಅನ್ವಯಿಸುತ್ತದೆ.

ಡಾಕ್ಟರುಗಳು ಕಂಡದ್ದು

2021ರಲ್ಲಿ ಮುಂಬೈನ ಲಿವರ್ ತಜ್ಞರು ಆರು ರೋಗಿಗಳ ಬಗ್ಗೆ ಒಂದು ವರದಿ ಪ್ರಕಟಿಸಿದರು. ಎಲ್ಲರಿಗೂ ಲಿವರ್‌ಗೆ ಪೆಟ್ಟು ಬಿದ್ದಿತ್ತು. ಎಲ್ಲರೂ ಅಮೃತಬಳ್ಳಿ ಸೇವಿಸಿದ್ದರು. ಕೆಲವರಲ್ಲಿ ಆಟೋಇಮ್ಯೂನ್ ಹೆಪಟೈಟಿಸ್‌ನ ಲಕ್ಷಣ ಕಂಡಿತ್ತು, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಲಿವರ್ ಮೇಲೆ ತಿರುಗಿ ಬೀಳುವ ಕಾಯಿಲೆ.

ಆರು ಜನ ಅಂದರೆ ಕಾಕತಾಳೀಯ ಅನ್ನಬಹುದು. ಆದರೆ 2022ರಲ್ಲಿ ದೇಶದ 13 ಆಸ್ಪತ್ರೆಗಳ ತಜ್ಞರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದರು. ಸೇವನೆ ಶುರು ಮಾಡಿ ತೊಂದರೆ ಕಾಣಿಸಿಕೊಳ್ಳುವ ತನಕದ ನಡುವಿನ ಅವಧಿ 46 ದಿನ. ಅಂದರೆ ಸರಿಸುಮಾರು ಅರ್ಧ ಜನರಿಗೆ ಅದಕ್ಕಿಂತ ಮೊದಲು, ಉಳಿದ ಅರ್ಧ ಜನರಿಗೆ ನಂತರ. ಹೆಚ್ಚಿನವರು ಬಳ್ಳಿ ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು. ಕೆಲವರಿಗೆ ಸ್ಟೀರಾಯ್ಡ್ ಬೇಕಾಯಿತು. ಕೆಲವರು ಉಳಿಯಲಿಲ್ಲ.

ಇಷ್ಟಕ್ಕೇ ಬಳ್ಳಿಯೇ ಕಾರಣ ಅಂತ ಹೇಳುವುದು ಹೇಗೆ? ಒಳ್ಳೆಯ ಪ್ರಶ್ನೆ. ಇದಕ್ಕೆ ವೈದ್ಯರು 1993ರಲ್ಲಿ ರೂಪುಗೊಂಡ, 2016ರಲ್ಲಿ ಪರಿಷ್ಕರಿಸಿದ ರೂಕಾಮ್ ಎಂಬ ಅಂಕ ಪದ್ಧತಿ ಬಳಸುತ್ತಾರೆ. ಮದ್ದು ಶುರು ಮಾಡಿದ ಎಷ್ಟು ದಿನಕ್ಕೆ ತೊಂದರೆ ಬಂತು, ನಿಲ್ಲಿಸಿದ ಮೇಲೆ ಎಷ್ಟು ಬೇಗ ಇಳಿಯಿತು, ಹೆಪಟೈಟಿಸ್ ವೈರಸ್ ಇತ್ತಾ, ಮದ್ಯ ಕಾರಣವಾ, ಬೇರೆ ಮಾತ್ರೆ ಇತ್ತಾ, ಈ ಮದ್ದಿನಿಂದ ಹಿಂದೆಯೂ ಹೀಗಾಗಿದೆಯಾ ಎಂದು ಒಂದೊಂದಾಗಿ ನೋಡಿ ಅಂಕ ಹಾಕುತ್ತಾರೆ. ಬೇರೆ ಕಾರಣಗಳು ಒಂದೊಂದೇ ತಳ್ಳಿಹೋದಂತೆ ಮದ್ದಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಕೋರ್ಟಿನ ತೀರ್ಪಿನಷ್ಟು ಖಚಿತ ಸಾಕ್ಷಿ ಇದಲ್ಲ. ಹಾಗಂತ ಸುಮ್ನೆ ಊಹೆಯೂ ಅಲ್ಲ. ಇಂಗ್ಲಿಷ್ ಮಾತ್ರೆಗಳಿಂದ ಲಿವರ್ ಕೆಟ್ಟಾಗಲೂ ವೈದ್ಯರು ಇದೇ ದಾರಿ ಹಿಡಿಯುತ್ತಾರೆ.

ಸಚಿವಾಲಯದ ಉತ್ತರ

ಮುಂಬೈ ವರದಿ ಬಂದ ಕೂಡಲೇ, ಜುಲೈ 2021ರಲ್ಲಿ, ಆಯುಷ್ ಸಚಿವಾಲಯ ಅದನ್ನು ದಾರಿ ತಪ್ಪಿಸುವ ವರದಿ ಎಂದಿತು. ಸಚಿವಾಲಯದ ಮುಖ್ಯ ಆಕ್ಷೇಪ ಇದು: ರೋಗಿಗಳು ಸೇವಿಸಿದ್ದು ನಿಜವಾಗಿಯೂ ಅಮೃತಬಳ್ಳಿಯೇ ಎಂದು ವರದಿಯಲ್ಲಿ ಖಚಿತಪಡಿಸಿಕೊಂಡಿಲ್ಲ. ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿ ಇದೆ, ಅದು ಲಿವರ್‌ಗೆ ಒಳ್ಳೆಯದಲ್ಲ. ಫೆಬ್ರವರಿ 2022ರಲ್ಲಿ ಸಚಿವಾಲಯ ಮತ್ತೆ ಹೇಳಿಕೆ ಕೊಟ್ಟು, ಗುಡೂಚಿ ಸುರಕ್ಷಿತ ಎಂದು ಹೇಳಿ, ಎರಡು ಬಳ್ಳಿಗಳ ವ್ಯತ್ಯಾಸವನ್ನು ಪಟ್ಟಿ ಮಾಡಿತು.

ಆಯುರ್ವೇದದ ಕಡೆಯವರದು ಇನ್ನೂ ಕೆಲವು ವಾದಗಳಿವೆ. ಕೋವಿಡ್ ಸೋಂಕೇ ಲಿವರ್ ಮೇಲೆ ಪರಿಣಾಮ ಬೀರುತ್ತದೆ. ಆ ಕಾಲದಲ್ಲಿ ಜನ ಒಂದೇ ಮೂಲಿಕೆ ತಗೊಳ್ಳಲಿಲ್ಲ, ಹತ್ತಾರು ಸೇರಿದ ಕಷಾಯ ಕುಡಿದರು. ಕೋಟ್ಯಂತರ ಜನ ಕುಡಿದ ಬಳ್ಳಿಯಿಂದ 43 ಜನರಿಗೆ ತೊಂದರೆ ಆಗಿದೆ ಅಂದರೆ ಅದು ದೊಡ್ಡ ಸಂಖ್ಯೆಯೇ?

ಕೊನೆಯ ವಾದಕ್ಕೆ ಉತ್ತರ ಹೀಗಿದೆ. ಆ 43 ಜನ ಕೆಲವೇ ದೊಡ್ಡ ಆಸ್ಪತ್ರೆಗಳಿಗೆ ತಲುಪಿದವರು, ಡಾಕ್ಟರು ಕೇಳಿದಾಗ ಬಳ್ಳಿಯ ವಿಷಯ ಹೇಳಿದವರು. ಊರಿನ ಆಸ್ಪತ್ರೆಗೆ ಹೋಗಿ ಕಾಮಾಲೆ ಅನ್ನಿಸಿಕೊಂಡು ಬಂದವರು ಈ ಲೆಕ್ಕದಲ್ಲಿಲ್ಲ. ಹಾಗಾಗಿ 43 ಎಂಬುದು ನಮ್ಮ ಕಣ್ಣಿಗೆ ಬಿದ್ದವರ ಸಂಖ್ಯೆ. ತೊಂದರೆ ಅಪರೂಪ ಎಂಬುದು ಬಹುಪಾಲು ನಿಜವೇ ಇರಬೇಕು. ಎಷ್ಟು ಅಪರೂಪ ಅಂತ ಹೇಳಲು ಈ ಅಂಕಿ ಸಾಲದು.

ಹಸಿರು ಕಾಂಡ, ಗಂಟು ಕಾಂಡ

ಗುರುತು ತಪ್ಪುವ ವಿಷಯವನ್ನು ಹಗುರವಾಗಿ ನೋಡುವಂತಿಲ್ಲ. ಸಚಿವಾಲಯದ ಪಟ್ಟಿಯ ಪ್ರಕಾರ ಅಮೃತಬಳ್ಳಿಯ ಕಾಂಡ ಹಸಿರು, ಅದರ ಮೇಲೆ ಗಂಟುಗಳಿಲ್ಲ, ಕತ್ತರಿಸಿದರೆ ಹಾಲು ಬರುವುದಿಲ್ಲ. ಹೂವಿಗೆ ಆರು ದಳ, ಹಣ್ಣು ಗುಂಡಗೆ, ಕೆಂಪಗೆ. ಕ್ರಿಸ್ಪಾದ ಕಾಂಡ ಬೂದು ಬಣ್ಣ, ಮೈತುಂಬ ಗಂಟು, ಕತ್ತರಿಸಿದರೆ ಹಾಲಿನಂಥ ದ್ರವ. ಹೂವಿಗೆ ಮೂರು ದಳ, ಹಣ್ಣು ಉದ್ದನೆಯದು, ಕಿತ್ತಳೆ ಬಣ್ಣ. ಇವೆರಡು ಸಾಲದು ಎಂಬಂತೆ ಟಿನೋಸ್ಪೋರಾ ಸೈನೆನ್ಸಿಸ್ ಎಂಬ ಮೂರನೆಯ ಬಳ್ಳಿಯೂ ನಮ್ಮ ದೇಶದಲ್ಲಿ ಬೆಳೆಯುತ್ತದೆ. ಅದರ ಎಲೆಯ ಕೆಳಭಾಗದಲ್ಲಿ ನವಿರಾದ ರೋಮ ಇರುತ್ತದೆ.

ಬೇಲಿಯ ಮೇಲಿನ ಬಳ್ಳಿಯಲ್ಲಿ ಇದನ್ನೆಲ್ಲ ನೋಡಬಹುದು. ಒಣಗಿಸಿ ತುಂಡು ಮಾಡಿ ಮಾರುವಾಗ? ಪುಡಿ ಮಾಡಿ ಡಬ್ಬಿಗೆ ತುಂಬಿದ ಮೇಲೆ? ಜ್ಯೂಸ್ ಆದ ಮೇಲೆ? ಕೊಳ್ಳುವವರಿಗೆ ಗುರುತಿಸುವ ದಾರಿಯೇ ಇಲ್ಲ. ಪ್ರಯೋಗಾಲಯದ ಪರೀಕ್ಷೆಯೊಂದೇ ಉಪಾಯ.

ಸಚಿವಾಲಯದ ಈ ವಾದದಲ್ಲಿ ಒಂದು ದೊಡ್ಡ ತೊಡಕು ಕಾಣುವುದು ಇಲ್ಲೇ. ತಪ್ಪು ಬಳ್ಳಿಯಿಂದಲೇ ಜನರ ಲಿವರ್ ಕೆಟ್ಟಿತು ಎಂದು ಒಪ್ಪಿಕೊಳ್ಳೋಣ. ಹಾಗಾದರೆ ಅಮೃತಬಳ್ಳಿಯ ಹೆಸರಿನಲ್ಲಿ ಅಪಾಯಕಾರಿ ಬಳ್ಳಿಯೊಂದು ಜನರ ಲೋಟ ಸೇರುತ್ತಿದೆ ಎಂದಾಯಿತು. ಅದು ಸಮಾಧಾನ ಪಡುವ ವಿಷಯ ಅಲ್ಲ ಅಲ್ವಾ? ಬಳ್ಳಿಯ ಮೇಲಿನ ಆರೋಪ ಕಳಚಬಹುದು, ಕುಡಿಯುವವರ ಮೇಲಿನ ಅಪಾಯ ಇದ್ದಲ್ಲೇ ಇರುತ್ತದೆ. ಗುರುತಿನ ವಾದ ಗಟ್ಟಿಯಾದಷ್ಟೂ ಮಾರುಕಟ್ಟೆಯ ಮೇಲಿನ ನಿಗಾ ಬಿಗಿಯಾಗಬೇಕು.

ಲಿವರ್ ಕಾಯುವ ಬಳ್ಳಿಯೇ ಲಿವರ್‌ಗೆ ಹೊಡೆಯುವುದು ಹೇಗೆ?

ಓದುಗರನ್ನು ಎಲ್ಲಕ್ಕಿಂತ ಜಾಸ್ತಿ ಗೊಂದಲಕ್ಕೆ ಬೀಳಿಸುವುದು ಈ ಪ್ರಶ್ನೆ. ಹಳೆಯ ವೈದ್ಯರು ಕಾಮಾಲೆಗೇ ಅಮೃತಬಳ್ಳಿ ಕೊಡುತ್ತಿದ್ದರು. ಆಡುಸೋಗೆ ಮತ್ತು ಅಮೃತಬಳ್ಳಿ ಸೇರಿಸಿ ಮಾಡುವ ವಾಸಾಗುಡೂಚ್ಯಾದಿ ಕಷಾಯ ಇವತ್ತಿಗೂ ಬಳಕೆಯಲ್ಲಿದೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಬಳ್ಳಿಯ ಸಾರ ಲಿವರ್‌ಗೆ ರಕ್ಷಣೆ ಕೊಟ್ಟಿದೆ. ಹಾಗಿದ್ದರೆ ಒಂದು ಸುಳ್ಳು, ಇನ್ನೊಂದು ನಿಜ ಆಗಲೇಬೇಕಾ?

ಹಾಗೇನಿಲ್ಲ. ಎರಡೂ ನಿಜ ಆಗಿರಬಹುದು. ಲಿವರ್‌ಗೆ ಪೆಟ್ಟು ಬೀಳುವ ದಾರಿಗಳು ಬೇರೆ ಬೇರೆ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಅರ್ಥವಾಗುತ್ತದೆ.

ಮೊದಲನೆಯ ದಾರಿ ನೇರ ವಿಷ. ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ರಾಸಾಯನಿಕ ಕೊಟ್ಟು ಲಿವರ್ ಕೆಡಿಸುತ್ತಾರೆ. ಆಮೇಲೆ ಮೂಲಿಕೆ ಕೊಟ್ಟು ಹಾನಿ ಎಷ್ಟು ಕಡಿಮೆಯಾಯಿತು ಅಂತ ಅಳೆಯುತ್ತಾರೆ. ಅಮೃತಬಳ್ಳಿಗೆ ಒಳ್ಳೆಯ ಹೆಸರು ಬಂದದ್ದು ಇಂಥ ಪ್ರಯೋಗಗಳಲ್ಲಿ. ಇಲ್ಲಿ ಇಲಿಗಳೆಲ್ಲ ಒಂದೇ ತಳಿಯವು, ಆರೋಗ್ಯವಂತವು, ಪ್ರಯೋಗ ನಡೆಯುವುದು ಕೆಲವೇ ದಿನ ಅಥವಾ ವಾರ. ವಿಷವನ್ನು ತಡೆಯುವ ಶಕ್ತಿ ಬಳ್ಳಿಗೆ ಇದೆಯಾ ಎಂಬ ಒಂದೇ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ.

ಎರಡನೆಯ ದಾರಿ ನಮ್ಮದೇ ರಕ್ಷಣಾ ಪಡೆ ಎಡವುವುದು. ಅಮೃತಬಳ್ಳಿಯಲ್ಲಿರುವ ಕೆಲವು ಪಾಲಿಸ್ಯಾಕರೈಡ್‌ಗಳು, ಅಂದರೆ ಉದ್ದ ಸರಪಳಿಯ ಸಕ್ಕರೆ ಅಣುಗಳು, ರಕ್ಷಣಾ ಕೋಶಗಳನ್ನು ಚುರುಕುಗೊಳಿಸುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಸೋಂಕಿನ ವಿರುದ್ಧ ಇದು ಒಳ್ಳೆಯದು ಅನ್ನಿಸುತ್ತದೆ. ಆದರೆ ರಕ್ಷಣಾ ವ್ಯವಸ್ಥೆ ಅನ್ನುವುದು ಎತ್ತರಿಸಿದಷ್ಟೂ ಒಳ್ಳೆಯದಾಗುವ ಬೇಲಿ ಅಲ್ಲ. ಕಾವಲಿಗೆ ಕಟ್ಟಿದ ನಾಯಿಯ ಹಾಗೆ ಅದು. ಕಳ್ಳ ಬಂದಾಗ ಬೊಗಳಬೇಕು, ಮನೆಯವರು ಬಂದಾಗ ಸುಮ್ಮನಿರಬೇಕು. ಕೆಲವರ ದೇಹದಲ್ಲಿ ಹುಟ್ಟಿನಿಂದ ಬಂದ ಗುಣದಿಂದಲೋ ಬೇರೆ ಕಾರಣದಿಂದಲೋ ಈ ಗುರುತಿಸುವ ಶಕ್ತಿ ಸಡಿಲವಾಗಿರುತ್ತದೆ. ಅಂಥವರಲ್ಲಿ ದಿನಾ ಚುರುಕುಗೊಳಿಸುತ್ತಾ ಹೋದರೆ ಪಡೆ ಲಿವರ್ ಕೋಶಗಳನ್ನೇ ಶತ್ರು ಎಂದುಕೊಳ್ಳುವ ಸಾಧ್ಯತೆ ಇದೆ. ಮಲಗಿದ್ದ ಆಟೋಇಮ್ಯೂನ್ ಕಾಯಿಲೆಯನ್ನು ಬಳ್ಳಿ ಎಬ್ಬಿಸಿರಬಹುದು ಎಂಬುದೇ 43 ಜನರ ಅಧ್ಯಯನ ಮಾಡಿದವರ ಅನುಮಾನ. ಕೆಲವರು ಸ್ಟೀರಾಯ್ಡ್‌ಗೆ ಸ್ಪಂದಿಸಿದ್ದು ಈ ವಿವರಣೆಗೆ ಹೊಂದುತ್ತದೆ, ಯಾಕೆಂದರೆ ಸ್ಟೀರಾಯ್ಡ್ ಮಾಡುವುದೇ ರಕ್ಷಣಾ ವ್ಯವಸ್ಥೆಯನ್ನು ತಣಿಸುವ ಕೆಲಸ.

ಈಗ ನೋಡಿ, ಇಲಿಯ ಪ್ರಯೋಗ ಮೊದಲ ದಾರಿಯ ಬಗ್ಗೆ ಹೇಳುತ್ತದೆ. ಆಸ್ಪತ್ರೆಯ ವರದಿ ಎರಡನೆಯ ದಾರಿಯ ಬಗ್ಗೆ ಹೇಳುತ್ತದೆ. ಒಂದನ್ನು ತೋರಿಸಿ ಇನ್ನೊಂದನ್ನು ಸುಳ್ಳು ಮಾಡಲು ಬರುವುದಿಲ್ಲ. ಪೆನ್ಸಿಲಿನ್ ಲಕ್ಷಾಂತರ ಜನರ ಜೀವ ಉಳಿಸಿದೆ, ಅಲರ್ಜಿ ಇರುವ ಕೆಲವರ ಜೀವಕ್ಕೆ ಅದೇ ಅಪಾಯ ತಂದಿದೆ. ಅಪಾಯ ತಂದಿತು ಅಂತ ಪೆನ್ಸಿಲಿನ್ ಬಿಟ್ಟಿಲ್ಲ. ಜೀವ ಉಳಿಸುತ್ತದೆ ಅಂತ ಅಲರ್ಜಿ ಕೇಳದೆ ಚುಚ್ಚುವುದೂ ಇಲ್ಲ.

ನೈಸರ್ಗಿಕವಾದದ್ದು ತೊಂದರೆ ಕೊಡುವುದಿಲ್ಲ ಎಂಬ ನಂಬಿಕೆಯೂ ಇಲ್ಲೇ ಕಳಚುತ್ತದೆ. ದೇಹದ ಮೇಲೆ ಪರಿಣಾಮ ಬೀರುವ ಶಕ್ತಿ ಒಂದು ಬಳ್ಳಿಗೆ ಇದೆ ಎಂದ ಮೇಲೆ, ಬೇಡದ ಪರಿಣಾಮ ಬೀರುವ ಶಕ್ತಿಯೂ ಅದಕ್ಕೆ ಇರಲೇಬೇಕು. ಅಮೃತಬಳ್ಳಿಯಿಂದ ಯಾರಿಗೂ ಏನೂ ಆಗದು ಎನ್ನುವವರು, ತಮಗೆ ಗೊತ್ತಿಲ್ಲದೆಯೇ, ಅದಕ್ಕೆ ಔಷಧ ಗುಣ ಇಲ್ಲ ಎಂದು ಹೇಳಿದಂತಾಗುತ್ತದೆ.

ಉಪಯೋಗಕ್ಕೆ ಸಾಕ್ಷಿ ಎಷ್ಟಿದೆ

ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಇವೆ, ಆದರೆ ಚಿಕ್ಕವು. 2005ರಲ್ಲಿ ಪ್ರಕಟವಾದ ಒಂದರಲ್ಲಿ ಮೂಗಿನ ಅಲರ್ಜಿ ಇದ್ದ 75 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಮೃತಬಳ್ಳಿಯ ಸಾರ, ಇನ್ನೊಂದಕ್ಕೆ ಮದ್ದಿಲ್ಲದ ಹುಸಿ ಮಾತ್ರೆ ಕೊಟ್ಟರು. 8 ವಾರಗಳ ನಂತರ ಬಳ್ಳಿ ತಗೊಂಡವರಲ್ಲಿ ಸೀನು, ಮೂಗು ಸೋರುವುದು, ಮೂಗು ಕಟ್ಟುವುದು ಚೆನ್ನಾಗಿ ಕಡಿಮೆಯಾಗಿತ್ತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಮೇಲೂ ಒಂದು ಪುಟ್ಟ ಪ್ರಯೋಗ ನಡೆದಿದೆ. ಆಶಾದಾಯಕ ಫಲಿತಾಂಶಗಳೇ. ದೊಡ್ಡ ಪ್ರಮಾಣದಲ್ಲಿ ಮತ್ತೆ ಮತ್ತೆ ಮಾಡಿ ನೋಡಿದಾಗಲೇ ಭರವಸೆ ಬರುವುದು.

ಚಿಕ್ಕ ಪ್ರಯೋಗಕ್ಕೆ ಇನ್ನೊಂದು ಮಿತಿ ಇದೆ. ಒಂದು ಮದ್ದನ್ನು 100 ಜನರಿಗೆ ಕೊಟ್ಟು ಒಬ್ಬರಿಗೂ ತೊಂದರೆ ಆಗಲಿಲ್ಲ ಅಂದುಕೊಳ್ಳಿ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದರ ಅಪಾಯ 100ಕ್ಕೆ 3ರ ತನಕವೂ ಇರಬಹುದು. ಸಾವಿರಕ್ಕೆ ಒಬ್ಬರಿಗೆ ಬರುವ ಲಿವರ್ ತೊಂದರೆ ಅಂಥ ಪ್ರಯೋಗದ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ 'ಪ್ರಯೋಗದಲ್ಲಿ ಸುರಕ್ಷಿತ ಎಂದು ಗೊತ್ತಾಗಿದೆ' ಎಂಬ ಮಾತು ಕೇಳಿದಾಗ, ಎಷ್ಟು ಜನರ ಮೇಲೆ, ಎಷ್ಟು ದಿನ ಎಂದು ಕೇಳಬೇಕು.

ಕೋವಿಡ್ ಬಾರದಂತೆ ತಡೆಯುತ್ತದೆ, ಕ್ಯಾನ್ಸರ್ ಗುಣ ಮಾಡುತ್ತದೆ ಎಂಬ ಮಾತುಗಳಿಗೆ ನಂಬಬಹುದಾದ ಆಧಾರ ಇಲ್ಲ.

ಸತ್ವ, ಕಷಾಯ, ಮಾತ್ರೆ ಒಂದೇ ಅಲ್ಲ

ಅಮೃತಬಳ್ಳಿ ತಗೊಂಡೆ ಎಂದು ಇಬ್ಬರು ಹೇಳಿದರೆ ಅವರು ತಗೊಂಡದ್ದು ಒಂದೇ ಆಗಿರಬೇಕಿಲ್ಲ. ಹಸಿ ಕಾಂಡ ಜಜ್ಜಿ ನೀರಿನಲ್ಲಿ ನೆನೆಸಿ, ಕಿವುಚಿ, ತಳದಲ್ಲಿ ಕೂತ ಬಿಳಿ ಹಿಟ್ಟನ್ನು ಒಣಗಿಸಿದರೆ ಸತ್ವ. ಅದರಲ್ಲಿ ಬಹುಪಾಲು ಗಂಜಿಯಂಥ ಪಿಷ್ಟವೇ. ಕಹಿ ಅಂಶ ಹೆಚ್ಚಾಗಿ ಮೇಲಿನ ನೀರಿನ ಜೊತೆ ಹೋಗಿಬಿಡುತ್ತದೆ. ಕಷಾಯದಲ್ಲಿ ನೀರಿಗೆ ಇಳಿಯುವ ಅಂಶಗಳೆಲ್ಲ ಇರುತ್ತವೆ. ಘನವಟಿ ಅಂದರೆ ಆ ಕಷಾಯವನ್ನೇ ಬತ್ತಿಸಿ ಗಟ್ಟಿ ಮಾಡಿದ್ದು. ಕಾರ್ಖಾನೆಯ ಕ್ಯಾಪ್ಸೂಲ್‌ನಲ್ಲಿ ಇನ್ನೂ ಸಾಂದ್ರವಾದ ಸಾರ ಇರಬಹುದು. ಒಂದು ಪುಟ್ಟ ಮಾತ್ರೆಗೆ ಎಷ್ಟು ಕಾಂಡ ಹೋಗಿದೆ ಅಂತ ನೋಡಿ ಹೇಳಲಾಗದು. ಹಸಿ ಕಾಂಡ ಕಹಿ, ಜಾಸ್ತಿ ಕುಡಿಯಲು ನಾಲಿಗೆಯೇ ಬಿಡುವುದಿಲ್ಲ. ಕ್ಯಾಪ್ಸೂಲ್‌ನಲ್ಲಿ ಆ ತಡೆಯೂ ಇಲ್ಲ.

ಯಾರಿಗೆ ಅಪಾಯ ಜಾಸ್ತಿ ಎಂಬುದು ಮೇಲಿನ ವಿವರಣೆಯಿಂದಲೇ ಹೊರಡುತ್ತದೆ. ರುಮಟಾಯ್ಡ್ ಸಂಧಿವಾತ, ಲೂಪಸ್, ಹಾಶಿಮೋಟೋ ಥೈರಾಯ್ಡ್‌ನಂಥ ಆಟೋಇಮ್ಯೂನ್ ಕಾಯಿಲೆ ಇರುವವರು ಮೊದಲ ಸಾಲಿನಲ್ಲಿದ್ದಾರೆ. ಈ ಕಾಯಿಲೆಗಳು ಹೆಂಗಸರಲ್ಲೇ ಹೆಚ್ಚು. ಲಿವರ್ ಕಾಯಿಲೆ ಇರುವವರು, ಅಂಗಾಂಗ ಕಸಿ ಆಗಿ ರಕ್ಷಣಾ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುತ್ತಿರುವವರು ಇದರಿಂದ ದೂರ ಇರುವುದೇ ಸರಿ. ಬಳ್ಳಿಗೆ ರಕ್ತದ ಸಕ್ಕರೆ ಇಳಿಸುವ ಗುಣ ಇದೆ ಎನ್ನುತ್ತಾರೆ. ಹಾಗಾಗಿ ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಸೇರಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಗರ್ಭಿಣಿಯರು ತಮ್ಮಷ್ಟಕ್ಕೆ ತಾವೇ ಇದನ್ನು ಶುರು ಮಾಡಬಾರದು.

ಕುಡಿಯುತ್ತಿರುವಾಗ ಮೂತ್ರ ಗಾಢ ಹಳದಿಯಾದರೆ, ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ, ಮೈ ತುರಿಕೆ, ವಿಪರೀತ ಸುಸ್ತು ಕಂಡರೆ ಅವತ್ತೇ ನಿಲ್ಲಿಸಬೇಕು. ರಕ್ತದಲ್ಲಿ ಬಿಲಿರುಬಿನ್, ಎಸ್‌ಜಿಒಟಿ, ಎಸ್‌ಜಿಪಿಟಿ ಪರೀಕ್ಷೆ ಮಾಡಿಸಿದರೆ ಲಿವರ್‌ನ ಸ್ಥಿತಿ ತಿಳಿಯುತ್ತದೆ. ಕಾಮಾಲೆ ಬಂತು ಅಂತ ಅದೇ ಕಷಾಯವನ್ನು ಇನ್ನೂ ಜಾಸ್ತಿ ಮಾಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬಳ್ಳಿ ಕಾಮಾಲೆಗೆ ಮದ್ದು ಎಂಬ ಹಳೆಯ ಮಾತು ಇಲ್ಲಿ ತಿರುಗಿ ಬೀಳುತ್ತದೆ.

ಕಾನೂನು ಎಲ್ಲಿ ನಿಂತಿದೆ

ಒಂದೇ ಬಳ್ಳಿ ನಮ್ಮ ಕೈಗೆ ಮೂರು ದಾರಿಯಲ್ಲಿ ಬರುತ್ತದೆ. ಆಯುರ್ವೇದ ಔಷಧ ಎಂದು ಬಂದರೆ ಅದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಅಡಿ ಬರುತ್ತದೆ. ಆರೋಗ್ಯ ಪೂರಕ ಆಹಾರ ಎಂದು ಬಂದರೆ ಆಹಾರ ಸುರಕ್ಷತಾ ಪ್ರಾಧಿಕಾರ ನೋಡಿಕೊಳ್ಳುತ್ತದೆ. 2022ರಲ್ಲಿ ಆಯುರ್ವೇದ ಆಹಾರಕ್ಕೆಂದೇ ಪ್ರತ್ಯೇಕ ನಿಯಮಗಳೂ ಬಂದಿವೆ. ಸಂತೆಯಲ್ಲಿ ಕಂತೆ ಕಟ್ಟಿ ಮಾರುವ, ಬೇಲಿಯಿಂದ ಕಿತ್ತು ತರುವ ಬಳ್ಳಿಯ ಮೇಲೆ ಯಾವ ಲೇಬಲ್ಲೂ ಇಲ್ಲ.

ಔಷಧದ ದಾರಿಯಲ್ಲೂ ಒಂದು ಸಡಿಲು ಇದೆ. ಕಾಯ್ದೆಯ ಪಟ್ಟಿಯಲ್ಲಿರುವ ಹಳೆಯ ಗ್ರಂಥಗಳ ಪ್ರಕಾರವೇ ತಯಾರಿಸಿದ ಮದ್ದಿಗೆ ಹೊಸದಾಗಿ ಸುರಕ್ಷತೆಯ ಅಧ್ಯಯನ ಮಾಡಬೇಕಿಲ್ಲ ಎಂದು 158-ಬಿ ನಿಯಮ ಹೇಳುತ್ತದೆ. ಶತಮಾನಗಳ ಬಳಕೆಯೇ ಸಾಕ್ಷಿ ಎಂಬುದು ಇದರ ಹಿಂದಿನ ತರ್ಕ. ತರ್ಕದಲ್ಲಿ ಹುರುಳಿದೆ, ಆದರೆ ಆ ಬಳಕೆ ನಡೆದದ್ದು ವೈದ್ಯರ ಕಣ್ಣೆದುರು, ಕೆಲವು ದಿನಗಳ ಮಟ್ಟಿಗೆ. ಇವತ್ತಿನ ಬಳಕೆಗೆ ಅದೇ ಸಾಕ್ಷಿ ಸಾಕಾ? ಇನ್ನು ಕಾಯ್ದೆಯಡಿಯ ನಿಯಮಗಳ ಇ-1 ಅನುಸೂಚಿಯಲ್ಲಿ ವಿಷಗುಣದ ಮೂಲಿಕೆಗಳ ಪಟ್ಟಿ ಇದೆ. ಅವನ್ನು ಬಳಸಿದ ಮದ್ದಿನ ಮೇಲೆ ವೈದ್ಯರ ನಿಗಾದಲ್ಲಿ ಸೇವಿಸಿ ಎಂಬ ಎಚ್ಚರಿಕೆ ಇರಲೇಬೇಕು. ಅಮೃತಬಳ್ಳಿ ಆ ಪಟ್ಟಿಯಲ್ಲಿಲ್ಲ.

ಜಾಹೀರಾತಿನ ವಿಷಯವೂ ಹೀಗೆಯೇ. ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಟ್ಟರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ, ಯಾಕೆಂದರೆ ಆ ಕಾಯಿಲೆಯ ಹೆಸರು ಅದರ ಪಟ್ಟಿಯಲ್ಲಿದೆ. ಇಮ್ಯುನಿಟಿ ಎಂಬುದು ಕಾಯಿಲೆಯೇ ಅಲ್ಲ. ಹಾಗಾಗಿ ಅದನ್ನು ಹೆಚ್ಚಿಸುತ್ತೇವೆ ಎನ್ನುವ ಜಾಹೀರಾತು ಆ ಪಟ್ಟಿಯ ಹೊರಗೆ ನಿಲ್ಲುತ್ತದೆ.

ಮುಂದೆ ಏನಾಗಬಹುದು

ಬಳ್ಳಿಯನ್ನೇ ನಿಷೇಧಿಸಬೇಕು ಎನ್ನುವವರಿದ್ದಾರೆ. ಅದರಿಂದ ಪ್ರಯೋಜನ ಕಾಣುವುದಿಲ್ಲ. ಅಂಗಡಿಯ ಡಬ್ಬಿ ಮಾಯವಾಗುತ್ತದೆ, ಜನ ಬೇಲಿಗೆ ಹೋಗುತ್ತಾರೆ. ಅಲ್ಲಿ ಗುರುತು ತಪ್ಪುವ ಅಪಾಯ ಇನ್ನೂ ಜಾಸ್ತಿ. ಜೊತೆಗೆ, ಆಯುರ್ವೇದ ವೈದ್ಯರು ಸರಿಯಾಗಿ ನೋಡಿ ಕೊಡುವ ಮದ್ದೂ ನಿಲ್ಲುತ್ತದೆ. ಏನೂ ಮಾಡದೆ ಬಿಟ್ಟರೆ, ಮುಂದಿನ ಸೋಂಕಿನ ಭಯ ಬಂದಾಗ 2020ರಲ್ಲಿ ಆದದ್ದೇ ಮತ್ತೆ ಆಗುತ್ತದೆ. ಆಗ ಇನ್ನೊಂದು ಪರಿಣಾಮವೂ ಇದೆ: ಪ್ರತಿ ಬಾರಿ 'ಸಾಧ್ಯವೇ ಇಲ್ಲ' ಎಂದು ತಳ್ಳಿಹಾಕಿದಷ್ಟೂ ಇಡೀ ಆಯುರ್ವೇದದ ಮೇಲೆ ಜನರಿಗಿರುವ ನಂಬಿಕೆ ಸವೆಯುತ್ತದೆ. ಅದು ಒಳ್ಳೆಯ ವೈದ್ಯರಿಗೆ ಮಾಡುವ ಅನ್ಯಾಯ.

ನಡುವಿನ ದಾರಿಗೆ ಬೇಕಾದ ಸಾಧನಗಳು ಈಗಾಗಲೇ ಇವೆ. 2018ರಿಂದ ಆಯುಷ್ ಮದ್ದುಗಳ ಅಡ್ಡ ಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ ನಡೆಯುತ್ತಿದೆ. ಅದರ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ಆದರೆ ಲಿವರ್ ಕೆಟ್ಟ ರೋಗಿ ಹೋಗುವುದು ಅಲೋಪತಿ ಆಸ್ಪತ್ರೆಗೆ. ಅಲ್ಲಿನ ಡಾಕ್ಟರು ಕಂಡದ್ದು ಈ ವ್ಯವಸ್ಥೆಗೆ ತಲುಪಬೇಕು, ಇಲ್ಲಿನ ತಜ್ಞರು ಆ ರೋಗಿಯ ಮನೆಯಲ್ಲಿ ಉಳಿದ ಬಾಟಲಿಯನ್ನೋ ಬಳ್ಳಿಯನ್ನೋ ತರಿಸಿ ಪರೀಕ್ಷೆ ಮಾಡಬೇಕು. ಆಗ ಅದು ಕಾರ್ಡಿಫೋಲಿಯಾವೋ ಕ್ರಿಸ್ಪಾವೋ ಎಂಬ ಜಗಳ ಹೇಳಿಕೆಗಳಲ್ಲಿ ನಡೆಯುವ ಬದಲು ಪ್ರಯೋಗಾಲಯದಲ್ಲಿ ಮುಗಿಯುತ್ತದೆ.

ಡಬ್ಬಿಯ ಮೇಲೆ ಬರೆಯಬೇಕಾದದ್ದೂ ದೊಡ್ಡದೇನಲ್ಲ. ಯಾವ ಬಳ್ಳಿ, ಪರೀಕ್ಷೆ ಆಗಿದೆಯಾ, ಒಂದು ಮಾತ್ರೆಗೆ ಎಷ್ಟು ಕಾಂಡ, ಎಷ್ಟು ದಿನದ ಮೇಲೆ ನಿಲ್ಲಿಸಬೇಕು, ಯಾರು ತಗೊಳ್ಳಬಾರದು. ನಾಲ್ಕೈದು ಸಾಲು, ಓದಲು ಬರುವ ಅಕ್ಷರದಲ್ಲಿ, ಕನ್ನಡದಲ್ಲೂ.

ಅದು ಬರುವ ತನಕ ಆಸ್ಪತ್ರೆಯಲ್ಲಿ ಆಗಬಹುದಾದ ಒಂದು ಕೆಲಸ ಇದೆ. ಏನು ಮಾತ್ರೆ ತಗೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದಾಗ ಬಹಳ ಜನ ಕಷಾಯದ ವಿಷಯ ಹೇಳುವುದಿಲ್ಲ. ಅದು ಮದ್ದು ಅಂತ ಅವರಿಗೆ ಅನ್ನಿಸಿರುವುದೇ ಇಲ್ಲ. ಕೆಲವರಿಗೆ ಬೈಸಿಕೊಳ್ಳುವ ಭಯ. ಹಾಗಾಗಿ ಡಾಕ್ಟರು ಬೈಯದೆ, ಬಿಡಿಸಿ ಕೇಳಬೇಕು: ಬೆಳಿಗ್ಗೆ ಎದ್ದು ಏನು ಕುಡಿಯುತ್ತೀರಿ? ಬಳ್ಳಿ, ಬೇರು, ಪುಡಿ ಏನಾದರೂ? ಎಷ್ಟು ದಿನದಿಂದ?